ಪಕ್ಕೆಯೊಳಗಣ ಬೇನೆ

ನೋವು ಕಡಮೆಯಾಗುತ್ತ ಬಂದಂತೆಲ್ಲ ರೋಗಿಯ ಸ್ಥಿತಿ ಹದಗೆಡುತ್ತ ಹೋಗುವ ರೋಗಗಳು ಹೆಚ್ಚಿಲ್ಲ. ಇರುವ ಕೆಲವುಗಳಲ್ಲಿ ಒಂದು, ನಮ್ಮ ದನ, ಎಮ್ಮೆ, ಕುರಿ, ಮೇಕೆ, ಕುದುರೆಗಳ ಎದೆಗೂಡಿನಲ್ಲಿ ಶ್ವಾಸಕೋಶವನ್ನು ಹೊದೆದಿರುವ ತೆಳುಪೊರೆಗೆ ತಗಲುವ ಉರಿಯೂತ. ಮೊದಲ ಎರಡು ಮೂರು ದಿನ ಹಸು ನಿಂತ ನೆಲದಿಂದ ಕದಲದೆ, ಮೇವಿಗೆ ಬಾಯಿಡದೆ, ಪಕ್ಕೆಯನ್ನು ಮುಟ್ಟಿದರೆ ನರಳುತ್ತ ಇರುತ್ತದೆ. ಆಮೇಲೆ ಒಂದು ಬೆಳಗ್ಗೆ ಆ ನರಳಾಟ ನಿಂತು, ಪಕ್ಕೆಯನ್ನು ಮುಟ್ಟಿದರೂ ಅದು ಸುಮ್ಮನಿರಲು, ಮನೆಯವರು ಗಂಡಾಂತರ ಕಳೆಯಿತೆಂದು ಸಮಾಧಾನ ತಾಳುತ್ತಾರೆ. ಆದರೆ ದನದ ಡಾಕ್ಟರು ಬಂದು ಎದೆಗೆ ನಳಿಕೆಯನ್ನಿಟ್ಟು ಆಲಿಸಿದಾಗ ಎದೆಯ ಕೆಳಭಾಗದಲ್ಲಿ ಉಸಿರಿನ ಸದ್ದೇ ಇರುವುದಿಲ್ಲ. ಒಂದಕ್ಕೊಂದು ಉಜ್ಜಿ ನೋಯುತ್ತಿದ್ದ ಎರಡು ಪೊರೆಗಳ ನಡುವೆ ನೀರು ತುಂಬಿ ಅವುಗಳನ್ನು ಬೇರ್ಪಡಿಸಿದುದರಿಂದಲೇ ನೋವು ಶಮನವಾದುದು; ಆ ನೀರೇ ಈಗ ಶ್ವಾಸಕೋಶವನ್ನು ಕೆಳಗಿನಿಂದ ಅದುಮುತ್ತ, ಗಾಳಿಗಿದ್ದ ಸ್ಥಳವನ್ನು ಗೇಣು ಗೇಣಾಗಿ ಕಸಿದುಕೊಳ್ಳುತ್ತಿರುತ್ತದೆ. ಈ ಸುಳ್ಳು ಚೇತರಿಕೆಯನ್ನು ನಂಬಿ ಚಿಕಿತ್ಸೆಯನ್ನು ನಿಲ್ಲಿಸಿ ಪಶುವನ್ನು ಕಳೆದುಕೊಂಡ ರೈತರು ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ಅವರಲ್ಲಿ ಯಾರೂ ಅಲಕ್ಷ್ಯದ ಜನರಲ್ಲ, ರೋಗದ ನಡೆಯನ್ನು ಅವರಿಗೆ ಹೇಳಿದವರಿಲ್ಲ, ಅಷ್ಟೆ.

ವೈದ್ಯರು ಪ್ಲೂರಸಿ ಎಂದು ಕರೆಯುವ ಈ ಬೇನೆಯನ್ನು ತಿಳಿಯಬೇಕಾದರೆ ಎದೆಗೂಡಿನ ರಚನೆಯನ್ನು ಸ್ವಲ್ಪ ನೋಡಬೇಕು. ಶ್ವಾಸಕೋಶದ ಮೈಗೆ ಬಿಗಿಯಾಗಿ ಅಂಟಿಕೊಂಡಿರುವ ಪೊರೆ ಒಂದು, ಪಕ್ಕೆಲುಬುಗಳ ಒಳಮೈಗೂ ವಪೆಗೂ ಹಾಸಿರುವ ಪೊರೆ ಇನ್ನೊಂದು. ಇವೆರಡರ ನಡುವೆ ಇರುವುದು ಅತ್ಯಲ್ಪವಾದ ಒಂದು ದ್ರವದ ಲೇಪ ಮಾತ್ರ. ನೀರು ಸವರಿ ಒಂದರ ಮೇಲೊಂದಿಟ್ಟ ಎರಡು ಗಾಜಿನ ಹಲಗೆಗಳು ಹೇಗೆ ಸರಾಗವಾಗಿ ಜಾರಾಡುವುವೋ, ಆದರೆ ಎತ್ತಿ ಬಿಡಿಸಲು ಹೋದರೆ ಹೇಗೆ ಸುಲಭವಾಗಿ ಬಿಡಲೊಲ್ಲವೋ, ಹಾಗೆಯೇ ಈ ಪೊರೆಗಳು ಉಸಿರಾಟದ ಪ್ರತಿಯೊಂದು ಏರಿಳಿತದಲ್ಲಿಯೂ ಒಂದರ ಮೇಲೊಂದು ಜಾರುತ್ತವೆ, ಮತ್ತು ಎದೆಗೂಡು ಹಿಗ್ಗಿದಾಗ ಶ್ವಾಸಕೋಶವನ್ನೂ ತಮ್ಮೊಡನೆ ಹಿಗ್ಗಿಸುತ್ತವೆ. ಒಳಗಣ ಪೊರೆಗೆ ನೋವಿನ ಅರಿವಿಲ್ಲ. ಪಕ್ಕೆಯ ಕಡೆಗಿರುವ ಹೊರಗಣ ಪೊರೆಗಾದರೋ ಅದು ತೀವ್ರವಾಗಿ ಉಂಟು. ಉರಿಯೂತ ಬಂದಾಗ ಪೊರೆಯ ನುಣುಪು ಹೋಗಿ ಮೈ ಒರಟಾಗುವುದು, ರಕ್ತದಿಂದ ಒಸರಿದ ನಾರುದ್ರವ್ಯ ಅದರ ಮೇಲೆ ಹೆಪ್ಪುಗಟ್ಟುವುದು. ಆಗ ಒಂದೊಂದು ಉಸಿರೂ ಆ ಮೂಕಪ್ರಾಣಿಗೆ ಒಂದೊಂದು ಯಾತನೆ.

ಪ್ರಾಣಿಗಳೆಲ್ಲಕ್ಕೂ ಈ ರಚನೆ ಒಂದೇ ವಿಧವಾಗಿಲ್ಲ. ದನಗಳಲ್ಲಿ ಎದೆಯ ಎಡಬಲಗಳನ್ನು ವಿಭಾಗಿಸುವ ನಡುಗೋಡೆ ದಪ್ಪವಾಗಿಯೂ ಅಖಂಡವಾಗಿಯೂ ಇರುವುದರಿಂದ ಬೇನೆ ಬಹುಮಟ್ಟಿಗೆ ಒಂದೇ ಪಾರ್ಶ್ವದಲ್ಲಿ ನಿಲ್ಲುತ್ತದೆ, ಇನ್ನೊಂದು ಪಾರ್ಶ್ವದ ಬಲದಿಂದ ಪಶು ಬದುಕುಳಿಯುವ ಅವಕಾಶ ಹೆಚ್ಚು. ಕುದುರೆಯಲ್ಲಿಯೂ ನಾಯಿಯಲ್ಲಿಯೂ ಆ ಗೋಡೆ ತೀರ ತೆಳುವಾದುದರಿಂದ ನೀರು ಎರಡು ಕಡೆಗೂ ಹರಿಯುವುದುಂಟು. ಇನ್ನು ಆನೆಯ ವಿಷಯ ಎಲ್ಲಕ್ಕಿಂತ ವಿಚಿತ್ರವಾದುದು. ಸಕ್ರೆಬೈಲಿನಲ್ಲಿಯೋ ದುಬಾರೆಯಲ್ಲಿಯೋ ಹೊಳೆಗಿಳಿದ ಸಾಕಾನೆ ಸೊಂಡಿಲನ್ನು ಮಾತ್ರ ಮೇಲಕ್ಕೆತ್ತಿ ಮೈಯೆಲ್ಲ ಮುಳುಗಿಸಿ ಉಸಿರಾಡುವುದನ್ನು ಅನೇಕರು ಕಂಡಿರಬಹುದು. ಆ ಪ್ರಾಣಿಗೆ ಎರಡು ಪೊರೆಗಳ ನಡುವಣ ಅವಕಾಶವೇ ಇಲ್ಲ, ಅಲ್ಲಿ ಸಡಿಲವಾದ ನಾರಿನ ಅಂಗಾಂಶ ತುಂಬಿ ಪೊರೆಗಳನ್ನು ಒಂದಕ್ಕೊಂದು ಹೊಂದಿಸಿಬಿಟ್ಟಿದೆ. ನೀರಿನಾಳದಲ್ಲಿದ್ದು ಮೇಲಣ ಗಾಳಿಯನ್ನು ಸೆಳೆಯುವಾಗ ಎದೆಯ ಮೇಲೆ ಬೀಳುವ ಒತ್ತಡಕ್ಕೆ ಸಾಮಾನ್ಯ ಪೊರೆಯ ಸೂಕ್ಷ್ಮ ರಕ್ತನಾಳಗಳು ಒಡೆದುಹೋಗುವ ಸಂಭವವಿರುವುದರಿಂದಲೇ ಪ್ರಕೃತಿ ಈ ವ್ಯವಸ್ಥೆಯನ್ನು ಮಾಡಿರಬೇಕೆಂದು ಶರೀರಶಾಸ್ತ್ರಜ್ಞರಲ್ಲಿ ಕೆಲವರ ಊಹೆ. ಮಿಕ್ಕ ಸಾಕುಪ್ರಾಣಿಗಳಿಗೆ ಅಂತಹ ರಕ್ಷಣೆ ದೊರೆತಿಲ್ಲ.

ರೋಗಲಕ್ಷಣಗಳನ್ನು ಕುರಿತು ಸ್ವಲ್ಪ ಸಾವಧಾನವಾಗಿಯೇ ಹೇಳಬೇಕು, ಏಕೆಂದರೆ ಪಶುವಿನ ಪ್ರಾಣ ನಿಂತಿರುವುದು ಅದನ್ನು ಸಾಕಿದವರ ಕಣ್ಣಿನ ಮೇಲೆ. ಆರೋಗ್ಯವಾಗಿರುವ ಹಸು ನೆಳಲಿನಲ್ಲಿ ನಿಂತಿರುವಾಗ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ಅದರ ಮೈಯ ಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಪೊರೆಯ ಉರಿಯೂತ ಆರಂಭವಾದಾಗ ಜ್ವರ ಏರುತ್ತದೆ, ಮೂಗಿನ ಮೇಲಣ ತೇವ ಒಣಗುತ್ತದೆ, ಮೆಲುಕು ನಿಲ್ಲುತ್ತದೆ. ಇವು ಬೇರೆ ರೋಗಗಳಲ್ಲಿಯೂ ಕಾಣುವ ಚಿಹ್ನೆಗಳು; ಈ ಬೇನೆಗೇ ವಿಶೇಷವಾದುದು ಉಸಿರಾಟದ ರೀತಿ. ಪಕ್ಕೆಲುಬುಗಳನ್ನು ಕದಲಿಸಿದರೆ ನೋವೆಂಬುದನ್ನು ಅರಿತ ಪಶು ಎದೆಯನ್ನು ಬಿಗಿಹಿಡಿದು, ಹೊಟ್ಟೆಯಿಂದಲೇ ಮೇಲುಮೇಲಕ್ಕೆ ಉಸಿರನ್ನು ಎಳೆಯುತ್ತದೆ. ಆ ಪ್ರಯತ್ನದಲ್ಲಿ ಕಡೆಯ ಪಕ್ಕೆಲುಬುಗಳ ಅಂಚಿನುದ್ದಕ್ಕೂ ಚರ್ಮದ ಮೇಲೆ ಒಂದು ಏಣು ಎದ್ದು ಕಾಣುತ್ತದೆ. ಮುಂಗಾಲುಗಳ ಮೊಣಕೈಗಳನ್ನು ಮೈಯಿಂದ ಹೊರಕ್ಕೆ ಚಾಚಿ, ಕತ್ತನ್ನು ನೀಡಿ ನಿಲ್ಲುತ್ತದೆ. ಮಲಗಲೊಲ್ಲದು, ಹೊರಳಿ ತಿರುಗಲೊಲ್ಲದು. ಕೆಮ್ಮು ಬಂದರೂ ಅದನ್ನು ನುಂಗಿಕೊಂಡು ಚಿಕ್ಕದಾಗಿ ಕೆಮ್ಮುತ್ತದೆ. ಪಕ್ಕೆಲುಬುಗಳ ಸಂದಿನಲ್ಲಿ ಬೆರಳಿನಿಂದ ಒತ್ತಿದರೆ ಮುಲುಗುತ್ತದೆ. ಕುದುರೆಯಾದರೆ ಬೆವರುತ್ತದೆ, ಕಾಲು ಕೆರೆಯುತ್ತದೆ, ಆದುದರಿಂದ ಹೊಟ್ಟೆಶೂಲೆಯೆಂದು ಭ್ರಮಿಸಿ ಅದಕ್ಕೆ ಔಷಧ ಕುಡಿಸುವವರೂ ಉಂಟು.

ಎದೆಯೊಳಗೆ ನೀರು ನಿಂತುದನ್ನು ಅರಿಯಲು ವೈದ್ಯರು ಪಕ್ಕೆಗಳ ಮೇಲೆ ಬೆರಳಿನಿಂದಲೋ ಚಿಕ್ಕ ಸುತ್ತಿಗೆಯಿಂದಲೋ ತಟ್ಟಿ ನೋಡುವುದುಂಟು: ಗಾಳಿಯಿರುವ ಕಡೆ ಟೊಳ್ಳಾದ ನಾದ, ನೀರಿರುವ ಕಡೆ ಮಂದವಾದ ಸದ್ದು, ನಿಂತ ಪಶುವಿನಲ್ಲಿ ಇವೆರಡರ ಗಡಿ ನೆಲಕ್ಕೆ ಸಮಾನಾಂತರವಾದ ಒಂದು ನೇರಗೆರೆ. ಈ ವಿದ್ಯೆಯನ್ನು ಲೋಕಕ್ಕೆ ಕೊಟ್ಟವನು ಆಸ್ಟ್ರಿಯದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್. ಗ್ರಾಟ್ಸ್ ನಗರದಲ್ಲಿ ವಸತಿಗೃಹ ನಡೆಸುತ್ತಿದ್ದವನ ಮಗನಾದ ಅವನು ತಂದೆಯ ನೆಲಮಾಳಿಗೆಯಲ್ಲಿ ಪೀಪಾಯಿಗಳನ್ನು ತಟ್ಟಿ ಮದ್ಯದ ಮಟ್ಟವನ್ನು ತಿಳಿಯುವುದನ್ನು ಬಾಲ್ಯದಲ್ಲಿ ಕಂಡಿದ್ದನೆಂದು ಹೇಳುತ್ತಾರೆ. ಅವನ ಗ್ರಂಥ ವಿಯೆನ್ನಾದಲ್ಲಿ ಪ್ರಕಟವಾದುದು 1761ರಲ್ಲಿ. ಅದೇ ವರ್ಷ ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ಎಂಬಾತ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಲು ರಾಜಾಜ್ಞೆಯನ್ನು ಪಡೆದನು. ಯಂತ್ರಗಳಿಲ್ಲದ ಹಳ್ಳಿಯ ಕೊಟ್ಟಿಗೆಯಲ್ಲಿ ಇಂದಿಗೂ ಅನುಭವಿಯಾದ ಪಶುವೈದ್ಯನ ಬೆರಳುಗಳು ಹೇಳುವಷ್ಟನ್ನು ನಾವು ಹಗುರವಾಗಿ ಎಣಿಸಬಾರದು.

ಈ ಉರಿಯೂತ ತಾನಾಗಿಯೇ ಹುಟ್ಟುವುದು ಅಪರೂಪ. ಬಹುಮಟ್ಟಿಗೆ ಅದು ಬೇರೊಂದು ಕೇಡಿನ ಹಿಂದೆ ಬರುತ್ತದೆ. ಶ್ವಾಸಕೋಶದ ಜ್ವರ ಅಂಚಿಗೆ ಹಬ್ಬಿ ಪೊರೆಯನ್ನು ಮುಟ್ಟಬಹುದು. ಗಳಲೆ ಅಥವಾ ಗಂಟಲು ಬೇನೆಯೆಂದು ನಮ್ಮವರು ಕರೆಯುವ ರೋಗ ಎದೆಗಿಳಿಯಬಹುದು. ಕುರಿ ಮೇಕೆಗಳ ಹಿರೇಬೇನೆಯ ಬೆನ್ನಿಗೆ ಬೇರೆ ಜೀವಾಣುಗಳು ನುಗ್ಗಬಹುದು. ದನಗಳ ಕ್ಷಯದಲ್ಲಿ ಪೊರೆಯ ಮೇಲೆಲ್ಲ ಹೊಳೆಯುವ ಸಣ್ಣ ಗಂಟುಗಳು ಗೊಂಚಲುಗೊಂಚಲಾಗಿ ಏಳಬಹುದು. ಹಂದಿಗೂ ಬೆಕ್ಕಿಗೂ ಇದರ ಬೇರೆ ಬೇರೆ ರೂಪಗಳಿವೆ. ಆದರೆ ಕಾರಣಗಳನ್ನು ಕೂಲಂಕಷವಾಗಿ ವಿಚಾರಿಸುತ್ತ ಹೋದಂತೆ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ ಸಂಗತಿಯೊಂದುಂಟು: ಈ ಬೇನೆಯ ಎಷ್ಟೋ ಪ್ರಸಂಗಗಳ ಮೂಲದಲ್ಲಿರುವುದು ಮನುಷ್ಯನ ಕೈ, ಅದೂ ಹಿಂಸಿಸಲೆಂದು ಎತ್ತಿದ ಕೈಯಲ್ಲ, ಉಪಚರಿಸಲೆಂದೋ ಸಾಗಿಸಲೆಂದೋ ಮಾರಲೆಂದೋ ನೀಡಿದ ಕೈ.

ಮೊದಲನೆಯದಾಗಿ ನಮ್ಮ ಮನೆಮನೆಯ ಗೊಟ್ಟವನ್ನೇ ತೆಗೆದುಕೊಳ್ಳೋಣ. ಬಿದಿರಿನ ಒಂದು ಗೆಣ್ಣನ್ನು ಓರೆಯಾಗಿ ಕೊಯ್ದು ಮಾಡಿದ ಈ ಸಾಧನದಲ್ಲಿ ಕಷಾಯವನ್ನೋ ಎಣ್ಣೆಯನ್ನೋ ತುಂಬಿ, ಒಬ್ಬನು ದನದ ಮೂಗು ಹಿಡಿದು ಮೋರೆಯನ್ನು ಆಕಾಶಕ್ಕೆತ್ತಲು, ಇನ್ನೊಬ್ಬನು ನಾಲಗೆಯನ್ನು ಪಕ್ಕಕ್ಕೆಳೆದು ಬಾಯೊಳಕ್ಕೆ ಸುರಿಯುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಕ್ರಮ. ಹೊಟ್ಟೆಯುಬ್ಬರದಲ್ಲಿ ಇದರಿಂದ ಉಳಿದ ದನಗಳೂ ಇಲ್ಲದಿಲ್ಲ. ಆದರೆ ಅನ್ನನಾಳವೂ ಶ್ವಾಸನಾಳವೂ ಗಂಟಲಿನಲ್ಲಿ ಅಕ್ಕಪಕ್ಕದಲ್ಲಿವೆ. ನುಂಗುವ ಕ್ಷಣದಲ್ಲಿ ಶ್ವಾಸದ ದ್ವಾರ ಮುಚ್ಚಿಕೊಳ್ಳಬೇಕಾದರೆ ನಾಲಗೆ ಸ್ವತಂತ್ರವಾಗಿರಬೇಕು, ತಲೆ ಮಿತಿಮೀರಿ ಮೇಲಕ್ಕೆತ್ತಿರಬಾರದು. ಮೋರೆ ಆಕಾಶ ನೋಡುತ್ತಿರುವಾಗ, ನಾಲಗೆ ಪರರ ಮುಷ್ಟಿಯಲ್ಲಿರುವಾಗ, ಪಶು ಕೆಮ್ಮುತ್ತಲೋ ಅರಚುತ್ತಲೋ ಇರುವಾಗ ಸುರಿದ ಔಷಧ ಹೋಗುವುದು ಹೊಟ್ಟೆಗಲ್ಲ, ನೆಟ್ಟಗೆ ಶ್ವಾಸಕೋಶಕ್ಕೆ. ಎಣ್ಣೆಯಂತೂ ಇನ್ನೂ ಅಪಾಯಕರ, ಏಕೆಂದರೆ ಅದು ದಾರಿತಪ್ಪಿ ಇಳಿಯುವಾಗ ನೀರು ಕೆರಳಿಸುವಷ್ಟು ಕೆಮ್ಮನ್ನು ಕೆರಳಿಸುವುದಿಲ್ಲ. ಕರುಹಾಕಿದ ಮರುದಿನ ಹಾಲುಜ್ವರದಿಂದ ನೆಲಹಿಡಿದ ಹಸುವಿಗೆ ಗಂಟಲಿನ ಸ್ನಾಯುಗಳೇ ಸೋತಿರುತ್ತವೆ. ಅದಕ್ಕೆ ಗೊಟ್ಟ ಹಿಡಿಯುವುದೆಂದರೆ ಅದನ್ನು ಕುಳಿತಲ್ಲಿಯೇ ಮುಳುಗಿಸಿದಂತೆ. ಕ್ಯಾಲ್ಸಿಯಂ ಚುಚ್ಚುಮದ್ದಿನಿಂದ ಅಂದೇ ಎದ್ದು ನಿಲ್ಲಬಹುದಾಗಿದ್ದ ಹಸು, ಅಕ್ಕರೆಯಿಂದ ಕುಡಿಸಿದ ಮದ್ದು ಶ್ವಾಸಕೋಶದಲ್ಲಿ ಕೊಳೆತು ಪೊರೆಯವರೆಗೂ ಹಬ್ಬಿದ ಕೀವಿನಿಂದ ಕೆಲದಿನಗಳಲ್ಲಿ ಸಾಯುವುದಕ್ಕಿಂತ ದುಃಖಕರವಾದುದು ಕೊಟ್ಟಿಗೆಯಲ್ಲಿ ಇನ್ನೇನಿದೆ? ಗೊಟ್ಟವನ್ನು ಎತ್ತಿ ಎಸೆಯಿರೆಂದು ನಾನು ಹೇಳುವುದಿಲ್ಲ. ಎಚ್ಚರವಿಲ್ಲದ, ನುಂಗಲಾರದ, ಕೆಮ್ಮುತ್ತಿರುವ, ಮಲಗಿಕೊಂಡಿರುವ ಪಶುವಿನ ಬಾಯಿಗೆ ಅದನ್ನು ಒಡ್ಡಬಾರದು. ಮಿಕ್ಕ ಸಂದರ್ಭಗಳಲ್ಲಿಯೂ ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಹೆಚ್ಚಾಗಿ ಎತ್ತದೆ, ನಾಲಗೆಯನ್ನು ಹಿಡಿಯದೆ, ಗುಟುಕು ಗುಟುಕಾಗಿ ನುಂಗಲು ಬಿಡುವು ಕೊಡುತ್ತ ಕುಡಿಸಬೇಕು.

ಎರಡನೆಯದು ಕಬ್ಬಿಣದ ತಂತಿ. ಹಸುವಿನ ನಾಲಗೆ ಮೇವನ್ನು ಸುತ್ತಿ ಸೆಳೆದುಕೊಳ್ಳುವುದೇ ಹೊರತು ಆರಿಸುವುದಿಲ್ಲ. ಮೊದಲ ಸಲ ತಿನ್ನುವಾಗ ಅದು ಸರಿಯಾಗಿ ಅಗಿಯುವುದೂ ಇಲ್ಲ. ಆದುದರಿಂದ ಕಟ್ಟಡದ ಕೆಲಸದಲ್ಲಿ ಉಳಿದ ಕಟ್ಟುತಂತಿಯ ತುಂಡು, ಮೊಳೆ, ಹೊಲಿಗೆಯ ಸೂಜಿ, ಇವೆಲ್ಲ ಹುಲ್ಲಿನೊಡನೆ ಒಳಕ್ಕಿಳಿದು, ಭಾರವಾದುದರಿಂದ ಜೇನುಹಟ್ಟಿನ ಕಣ್ಣುಗಳನ್ನು ಹೊತ್ತ ಎರಡನೆಯ ಹೊಟ್ಟೆಯ ತಳದಲ್ಲಿ ನೆಲೆನಿಲ್ಲುತ್ತವೆ. ಆ ಹೊಟ್ಟೆ ವಪೆಗೆ ತಾಗಿಕೊಂಡಿದೆ. ವಪೆಯ ಆಚೆಗೆ ಕೆಲವೇ ಅಂಗುಲಗಳಲ್ಲಿ ಹೃದಯ, ಅದರ ಪಕ್ಕದಲ್ಲಿ ಶ್ವಾಸಕೋಶ. ಮೆಲುಕಿಗಾಗಿ ಹೊಟ್ಟೆ ಕುಗ್ಗಿದಾಗಲೆಲ್ಲ ತಂತಿಯ ಮೊನೆ ಒಂದಿಷ್ಟು ಮುಂದಕ್ಕೆ ಸರಿಯುವುದು. ಗಬ್ಬದ ಹಸುವಿನಲ್ಲಿ ಬೆಳೆಯುವ ಗರ್ಭದ ಭಾರವೂ ಕರುಹಾಕುವಾಗಿನ ತಿಣುಕೂ ಅದನ್ನು ಇನ್ನಷ್ಟು ದೂಡುವುವು. ಹೀಗೆ ವಪೆಯನ್ನು ತೂರಿ ಬಂದ ಮೊನೆ ತನ್ನೊಡನೆ ಹೊಟ್ಟೆಯ ಕೊಳೆಯನ್ನೂ ತಂದು ಪೊರೆಯಲ್ಲಿ ಕೀವನ್ನು ಬಿತ್ತುತ್ತದೆ. ಇಂತಹ ಹಸು ದಿಣ್ಣೆಯನ್ನು ಹತ್ತಬಲ್ಲದು, ಇಳಿಯಲು ಹಿಂಜರಿಯುತ್ತದೆ. ಎದೆಯ ಕೆಳಗೆ ಒಂದು ಬಡಿಗೆಯಿಟ್ಟು ಇಬ್ಬರು ಎರಡು ಕಡೆ ಹಿಡಿದು ಮೆಲ್ಲನೆ ಮೇಲೆತ್ತಿದರೆ ಮುಲುಗುತ್ತದೆ. ಹೊಟ್ಟೆಯೊಳಗೇ ಉಳಿಯುವಂತೆ ಚಿಕ್ಕದೊಂದು ಅಯಸ್ಕಾಂತವನ್ನು ನುಂಗಿಸಿ ಕಬ್ಬಿಣವನ್ನೆಲ್ಲ ಅದಕ್ಕೇ ಕಚ್ಚಿಕೊಳ್ಳುವಂತೆ ಮಾಡುವ ಉಪಾಯವನ್ನು ಪಶುವೈದ್ಯರು ಬಹುಕಾಲದಿಂದ ಬಳಸುತ್ತಿದ್ದಾರೆ. ಅಗತ್ಯವಾದರೆ ಹೊಟ್ಟೆಯನ್ನು ಕೊಯ್ದು ತಂತಿಯನ್ನು ತೆಗೆಯುವುದೂ ಉಂಟು. ಆದರೆ ಬೀದಿಯ ತಿಪ್ಪೆಯಲ್ಲಿ ಮೇಯುವ ನಗರದ ಹಸುಗಳಿಗೆ, ಮನೆಗಳನ್ನು ಕಟ್ಟಿ ತಂತಿಯ ತುಣುಕುಗಳನ್ನು ಹುಲ್ಲಿನ ಮೇಲೆ ಚೆಲ್ಲಿಹೋಗುವ ನಾವು ಮಾಡುತ್ತಿರುವ ಅನ್ಯಾಯಕ್ಕೆ ಯಾವ ಅಯಸ್ಕಾಂತವೂ ಸಾಲದು.

ಮೂರನೆಯದು ಪ್ರಯಾಣ. ಕುದುರೆ ಮೇಯುವಾಗ ತಲೆಯನ್ನು ತಗ್ಗಿಸುವುದು ಹಸಿವಿಗಾಗಿ ಮಾತ್ರವಲ್ಲ. ಶ್ವಾಸನಾಳದೊಳಗೆ ಸೇರಿದ ಧೂಳೂ ಕಫವೂ ಆ ಇಳಿಜಾರಿನಲ್ಲಿಯೇ ಹೊರಕ್ಕೆ ಹರಿದುಬರಬೇಕು. ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟಿ ದಿನವಿಡೀ ಸಾಗಿಸಿದರೆ ಕಫ ಅಲ್ಲಿಯೇ ನಿಂತು, ಗಂಟಲಲ್ಲಿ ನಿರುಪದ್ರವಿಯಾಗಿದ್ದ ಜೀವಾಣುಗಳು ಕೆಳಗಿಳಿದು ಶ್ವಾಸಕೋಶವನ್ನೂ ಪೊರೆಯನ್ನೂ ಹಿಡಿಯುತ್ತವೆ. ರೇಸಿನ ಕುದುರೆಗಳ ಪ್ಲೂರಸಿಗೆ ಇದು ಪ್ರಸಿದ್ಧವಾದ ಕಾರಣ. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ, ನೀರು ನೆಳಲುಗಳಿಲ್ಲದೆ ದೂರದ ಜಾತ್ರೆಗೋ ಸಂತೆಗೋ ಒಯ್ದ ಹೋರಿ ಕಡಸುಗಳು ಮನೆಗೆ ಬಂದು ಕೆಲವು ದಿನಗಳಲ್ಲಿ ಜ್ವರಕ್ಕೀಡಾಗುವುದೂ ಇದೇ ಬಗೆಯದು. ಕೆಲವು ಗಂಟೆಗಳಿಗೊಮ್ಮೆ ನಿಲ್ಲಿಸಿ, ಕಣ್ಣಿ ಸಡಲಿಸಿ, ತಲೆ ತಗ್ಗಿಸಲು ಬಿಡುವುದಕ್ಕೆ ಹಣ ಖರ್ಚಾಗುವುದಿಲ್ಲ.

ಮನುಷ್ಯನ ವ್ಯಾಪಾರ ಈ ಬೇನೆಯ ಒಂದು ಘೋರರೂಪವನ್ನು ಖಂಡಾಂತರಗಳಿಗೆ ಹೊತ್ತುಕೊಂಡು ಹೋದ ಕಥೆ ಇವೆಲ್ಲಕ್ಕಿಂತ ದೊಡ್ಡದು. ದನಗಳ ಸಾಂಕ್ರಾಮಿಕ ಪ್ಲೂರೋನ್ಯುಮೋನಿಯ ಎಂಬ ಆ ರೋಗದಲ್ಲಿ ಶ್ವಾಸಕೋಶ ಬಿಳಿಯ ಗೆರೆಗಳಿಂದ ವಿಭಾಗಿಸಲ್ಪಟ್ಟ ಕೆಂಪು ಬೂದು ಬಣ್ಣದ ತುಂಡುಗಳಾಗಿ ಗಟ್ಟಿಯಾಗುತ್ತದೆ. ಪೊರೆ ದಪ್ಪನಾಗಿ ಪಕ್ಕೆಗೆ ಅಂಟಿಕೊಳ್ಳುತ್ತದೆ. ಎದೆಯಲ್ಲಿ ಹಳದಿಯ ನೀರು ಕೊಡಗಟ್ಟಲೆ ನಿಲ್ಲುತ್ತದೆ. ಅದರ ಅತ್ಯಂತ ವಂಚಕವಾದ ಗುಣವೆಂದರೆ, ಸೋಂಕು ತಗಲಿದ ಮೇಲೆ ರೋಗ ತೋರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಗುಣವಾದಂತೆ ಕಾಣುವ ದನವೂ ಸತ್ತ ಶ್ವಾಸಕೋಶದ ಒಂದು ಭಾಗವನ್ನು ಚೀಲಗಟ್ಟಿಸಿಕೊಂಡು ಒಳಗಿಟ್ಟುಕೊಂಡಿದ್ದು, ಅದು ಒಡೆದ ದಿನ ಮಂದೆಗೆಲ್ಲ ರೋಗವನ್ನು ಹಂಚಬಹುದೆಂಬ ಭಯ ತಪ್ಪಿದ್ದಲ್ಲ.

ಬೆಲ್ಜಿಯಂ ದೇಶದ ಹಾಸೆಲ್ಟ್ ಎಂಬ ಊರಿನಲ್ಲಿ ಮದ್ಯದ ಭಟ್ಟಿಗಳ ಗಸಿಯನ್ನು ತಿನ್ನಿಸಿ ದನಗಳನ್ನು ಕೊಬ್ಬಿಸುವ ದೊಡ್ಡ ಕೊಟ್ಟಿಗೆಗಳಿದ್ದುವು; ಈ ರೋಗ ಅಲ್ಲಿ ಬೀಡುಬಿಟ್ಟಿತ್ತು. ಅಂತಹ ಒಬ್ಬ ಭಟ್ಟಿಯವನ ಮಗನಾದ ಲೂಯಿ ವಿಲ್ಲೆಮ್ಸ್ ಎಂಬ ತರುಣ ವೈದ್ಯನು ಸತ್ತ ದನದ ಶ್ವಾಸಕೋಶದ ದ್ರವವನ್ನು ಆರೋಗ್ಯವಂತ ದನದ ಬಾಲದ ತುದಿಯ ಚರ್ಮಕ್ಕೆ ಚುಚ್ಚಿ, ಹಾಗೆ ಮಾಡಿದ ದನಗಳು ರೋಗದಿಂದ ಪಾರಾಗುವುದನ್ನು ಕಂಡು, 1852ರಲ್ಲಿ ಅದನ್ನು ಪ್ರಕಟಿಸಿದನು. ಪಾಸ್ತರನ ಲಸಿಕೆಗಳು ಹುಟ್ಟುವುದಕ್ಕೆ ಇನ್ನೂ ಬಹಳ ವರ್ಷಗಳಿದ್ದ ಕಾಲ ಅದು. ಕೆಲವು ದನಗಳ ಬಾಲ ಕೊಳೆತು ಬಿದ್ದುಹೋದುವು, ಕೆಲವು ಸತ್ತುವೂ ಹೌದು; ಆದರೂ ವಿಧಾನ ದೇಶದಿಂದ ದೇಶಕ್ಕೆ ಹಬ್ಬಿತು. ರೋಗದ ಜೀವಾಣು ಮಾತ್ರ ದೀರ್ಘಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1898ರಲ್ಲಿ ಎದ್ಮೋನ್ ನೊಕಾರ್, ಎಮಿಲ್ ರೂ ಮತ್ತು ಅವರ ಸಂಗಡಿಗರು ಸೂಕ್ಷ್ಮವಾದ ಚೀಲಗಳಲ್ಲಿ ಪೋಷಕದ್ರವವನ್ನು ತುಂಬಿ ಮೊಲಗಳ ಉದರದೊಳಗಿರಿಸಿ ಅದನ್ನು ಬೆಳೆಸಿದರು. ಮೈಕೋಪ್ಲಾಸ್ಮ ಎಂದು ಈಗ ಕರೆಯುವ ಜೀವಾಣುಗಳ ಕುಲದಲ್ಲಿ ಮನುಷ್ಯನ ಕೈಗೆ ಸಿಕ್ಕ ಮೊದಲನೆಯದು ಇದೇ. ಇವುಗಳಿಗೆ ಕೋಶಭಿತ್ತಿಯಿಲ್ಲದಿರುವುದರಿಂದ, ಆ ಭಿತ್ತಿಯನ್ನು ಕೆಡಿಸಿ ಕೊಲ್ಲುವ ಪೆನಿಸಿಲಿನ್ ಇವುಗಳ ಮೇಲೆ ನಡೆಯುವುದಿಲ್ಲ.

ದಕ್ಷಿಣ ಆಫ್ರಿಕದ ಮಾತು ಬಂದಾಗ ಲೇಖನಿ ತಡವರಿಸುತ್ತದೆ. 1853ರಲ್ಲಿ ಹಾಲೆಂಡಿನಿಂದ ತರಿಸಿದ ಹೋರಿಯೊಂದರೊಡನೆ ಈ ರೋಗ ಮಾಸೆಲ್ ಬೇ ಎಂಬ ಬಂದರಿನಲ್ಲಿ ಇಳಿಯಿತು. ಎತ್ತಿನ ಗಾಡಿಗಳ ದಾರಿಯಲ್ಲಿ ಅದು ಒಳನಾಡಿಗೆ ನಡೆದು ಷೋಸಾ ಜನರ ಮಂದೆಗಳನ್ನು ಮುಟ್ಟಿತು. ದನವೇ ಐಶ್ವರ್ಯ, ದನವೇ ವಧುದಕ್ಷಿಣೆ, ದನವೇ ಪಿತೃಗಳೊಡನೆ ಇದ್ದ ಸಂಬಂಧವಾಗಿದ್ದ ಆ ಜನ, ವಸಾಹತುಗಾರರೊಡನೆ ಯುದ್ಧಗಳನ್ನು ಮಾಡಿ ನೆಲವನ್ನು ಕಳೆದುಕೊಂಡಿದ್ದವರು, ಈಗ ಕಣ್ಣೆದುರಿಗೆ ಮಂದೆಗಳೂ ಉಸಿರುಕಟ್ಟಿ ಸಾಯುವುದನ್ನು ಕಂಡರು. 1856ರಲ್ಲಿ ನೊಂಗ್ಕಾವುಸೆ ಎಂಬ ಹದಿಹರೆಯದ ಹುಡುಗಿಗೆ ಹೊಳೆಯ ಬಳಿ ಪಿತೃಗಳ ವಾಣಿ ಕೇಳಿಸಿತೆಂಬ ಸುದ್ದಿ ಹರಡಿತು: ಕಲುಷಿತವಾದ ದನಗಳನ್ನೆಲ್ಲ ಕೊಲ್ಲಿರಿ, ಧಾನ್ಯವನ್ನು ನಾಶಮಾಡಿರಿ, ಆಗ ರೋಗವಿಲ್ಲದ ಹೊಸ ಮಂದೆಗಳು ನೆಲದಿಂದೇಳುವುವು. ನಂಬಿದವರು ಹಾಗೆಯೇ ಮಾಡಿದರು. ಇತಿಹಾಸಕಾರರ ಅಂದಾಜಿನಂತೆ ಸುಮಾರು 4 ಲಕ್ಷ ದನಗಳು ಹತವಾದುವು, ಸುಮಾರು 40,000 ಜನ ಹಸಿವಿನಿಂದ ಸತ್ತರು. ಉಳಿದವರಲ್ಲಿ ಸಾವಿರಾರು ಮಂದಿ ವಸಾಹತಿನ ಕೂಲಿಗಳಾದರು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ; ಆದರೆ ಈಗಾಗಲೇ ಸಾಯುತ್ತಿದ್ದ ಮಂದೆಗಳ ಮಧ್ಯೆ ನಿಂತವರಿಗೆ ಆ ವಾಣಿ ಏಕೆ ನಂಬಲರ್ಹವೆನಿಸಿತೆಂಬುದನ್ನು ಪಶುರೋಗವನ್ನು ಬಲ್ಲವರು ಅರ್ಥಮಾಡಿಕೊಳ್ಳಬೇಕು. ಒಂದು ಹೋರಿಯ ಎದೆಯ ಪೊರೆಯಲ್ಲಿದ್ದ ಬೇನೆ ಒಂದು ಜನಾಂಗದ ಸ್ವಾತಂತ್ರ್ಯವನ್ನು ನುಂಗಿದುದರಲ್ಲಿ ಪಾಲುಗೊಂಡಿತು.

ಅಮೆರಿಕದಲ್ಲಿ 1884ರಲ್ಲಿ ಪಶುರೋಗಗಳ ನಿಯಂತ್ರಣಕ್ಕೆಂದು ಪ್ರತ್ಯೇಕ ಸರ್ಕಾರಿ ಇಲಾಖೆಯೊಂದನ್ನು ಸ್ಥಾಪಿಸಲು ಮುಖ್ಯ ಪ್ರೇರಣೆ ಈ ರೋಗವೇ. ಡೇನಿಯಲ್ ಸಾಲ್ಮನ್ ಎಂಬ ಪಶುವೈದ್ಯನ ನೇತೃತ್ವದಲ್ಲಿ, ರೋಗದ ದನಗಳನ್ನು ಪರಿಹಾರ ಕೊಟ್ಟು ಕೊಂಡು ಕೊಲ್ಲುವ ಕ್ರಮದಿಂದ, 1892ರ ವೇಳೆಗೆ ಅಲ್ಲಿ ಅದು ನಿರ್ಮೂಲವಾಯಿತು. ಆಸ್ಟ್ರೇಲಿಯಕ್ಕೆ 1858ರಲ್ಲಿ ಹಡಗಿನಲ್ಲಿ ಬಂದುದನ್ನು ಹೊರಗಟ್ಟಲು 1973ರವರೆಗೆ ಹೆಣಗಬೇಕಾಯಿತು. ಬೋಟ್ಸ್ವಾನದಲ್ಲಿ 1995ರಲ್ಲಿ ರೋಗ ಮರಳಿ ಕಾಣಿಸಿಕೊಂಡಾಗ ಅದನ್ನು ಅಳಿಸಲು 3 ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಲ್ಲಲಾಯಿತು. ನಮ್ಮ ದೇಶದಲ್ಲಿ ಅದು ಅಸ್ಸಾಮಿನ ಕಡೆ ಬೇರೂರಿತ್ತು. ಲಸಿಕೆ, ತಪಾಸಣೆ, ದನಗಳ ಓಡಾಟದ ನಿರ್ಬಂಧ ಇವುಗಳ ದೀರ್ಘ ಪರಿಶ್ರಮದ ಫಲವಾಗಿ 2007ರಲ್ಲಿ ಪ್ಯಾರಿಸಿನ ವಿಶ್ವ ಪಶು ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವಾದ ದೇಶವೆಂದು ಅಂಗೀಕರಿಸಿತು. ಮಲೆಗಳನ್ನು ಹತ್ತಿ, ಹೊಳೆಗಳನ್ನು ದಾಟಿ, ಹಟ್ಟಿಯಿಂದ ಹಟ್ಟಿಗೆ ರಕ್ತದ ಮಾದರಿಗಳನ್ನು ತಂದ ಹೆಸರಿಲ್ಲದ ಪಶುವೈದ್ಯ ಸಿಬ್ಬಂದಿಗೆ ಈ ದೇಶ ಎಷ್ಟು ಕೃತಜ್ಞವಾಗಿದ್ದರೂ ಕಡಮೆಯೇ.

ಮೇಕೆಗಳಿಗೆ ಇದೇ ಕುಲದ ಬೇರೊಂದು ಜೀವಾಣುವಿನಿಂದ ಬರುವ ಸಾಂಕ್ರಾಮಿಕ ರೂಪವೊಂದಿದೆ. ಅದನ್ನು 1873ರಲ್ಲಿ ಅಲ್ಜೀರಿಯದಲ್ಲಿ ಮೊದಲು ವರ್ಣಿಸಿದರು. 1881ರಲ್ಲಿ ತುರ್ಕಿಯಿಂದ ತರಿಸಿದ ಅಂಗೋರ ಮೇಕೆಗಳೊಡನೆ ದಕ್ಷಿಣ ಆಫ್ರಿಕದ ಕೇಪ್ ವಸಾಹತಿಗೆ ಹೋದಾಗ ಡಂಕನ್ ಹಚ್ಚನ್ ಎಂಬ ಪಶುವೈದ್ಯನು ಅದು ಅಂಟುರೋಗವೆಂದು ತೋರಿಸಿ ಅಲ್ಲಿಂದ ಅಳಿಸಿದನು. ನಿಜವಾದ ಜೀವಾಣುವನ್ನು ಬೇರ್ಪಡಿಸಿದುದು ಕೀನ್ಯದಲ್ಲಿ, 1976ರಲ್ಲಿ. ನಮ್ಮ ಕುರಿಗಾಹಿಗಳಿಗೆ ಇದಕ್ಕಿಂತ ಹತ್ತಿರದ ಶತ್ರು ಹಿರೇಬೇನೆ. ಅದಕ್ಕೆ ಒಳ್ಳೆಯ ಲಸಿಕೆಯಿದೆ. ದನ ಎಮ್ಮೆಗಳಿಗೆ ಮಳೆಗಾಲಕ್ಕೆ ಮುಂಚೆ ಗಳಲೆ ರೋಗದ ಲಸಿಕೆಯನ್ನು ಹಾಕಿಸಿದರೂ ಎದೆಯ ಪೊರೆಗೆ ಬರುವ ದಾರಿಗಳಲ್ಲಿ ಒಂದನ್ನು ಮುಚ್ಚಿದಂತಾಯಿತು.

ಚಿಕಿತ್ಸೆಯ ವಿಷಯ ವೈದ್ಯರಿಗೆ ಸೇರಿದುದು. ಆದರೂ ಸಾಕಿದವರು ತಿಳಿದಿರಬೇಕಾದ ಎರಡು ಮೂರು ಮಾತುಗಳಿವೆ. ಜೀವಾಣುನಾಶಕ ಔಷಧವನ್ನು ವೈದ್ಯರು ಹೇಳಿದಷ್ಟು ದಿನವೂ ಕೊಡಬೇಕು, ಜ್ವರ ಇಳಿಯಿತೆಂದು ನಡುವೆ ಬಿಡಬಾರದು; ಆ ದಿನಗಳಲ್ಲಿಯೂ ಅನಂತರ ವೈದ್ಯರು ಹೇಳಿದ ಅವಧಿಯಲ್ಲಿಯೂ ಹಾಲನ್ನು ಮಾರಬಾರದು, ಕುಡಿಯಬಾರದು. ನೀರು ಹೆಚ್ಚಾಗಿ ನಿಂತಿದ್ದರೆ ಪಕ್ಕೆಲುಬುಗಳ ಸಂದಿನಿಂದ ದಪ್ಪಸೂಜಿಯಿಟ್ಟು ಅದನ್ನು ಹೊರತೆಗೆಯುತ್ತಾರೆ. ನೋಡುವವರಿಗೆ ಭಯಂಕರವಾದರೂ ಪಶುವಿಗೆ ಅದರಿಂದ ದೊರೆಯುವ ನೆಮ್ಮದಿ ದೊಡ್ಡದು. ನೋವು ಶಮನಗೊಳಿಸುವ ಔಷಧ ಇಲ್ಲಿ ಕೇವಲ ದಯೆಯ ಮಾತಲ್ಲ: ನೋವಿಲ್ಲದಿದ್ದರೆ ಮಾತ್ರ ಪಶು ಎದೆಯನ್ನು ಹಿಗ್ಗಿಸಿ ಉಸಿರಾಡುವುದು, ಕೆಮ್ಮಿ ಕಫವನ್ನು ಹೊರಹಾಕುವುದು. ಆದರೆ ಆ ಔಷಧ ಡೈಕ್ಲೊಫೆನಾಕ್ ಆಗಿರಕೂಡದು. ಅದನ್ನು ಕೊಟ್ಟ ದನ ಸತ್ತರೆ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡಗಳು ಕೆಟ್ಟು ಸಾಯುತ್ತವೆಂದು ತಿಳಿದುಬಂದುದರಿಂದ, ಪಶುಗಳಿಗೆ ಅದರ ಬಳಕೆಯನ್ನು ನಮ್ಮ ದೇಶದಲ್ಲಿ 2006ರಲ್ಲಿಯೇ ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳ ಬದುಕು ಈ ಎಚ್ಚರಕ್ಕೂ ಸೇರಿದೆ. ಮೆಲಾಕ್ಸಿಕಾಂ ಎಂಬ ನಿರಪಾಯವಾದ ಔಷಧವಿರುವಾಗ ಬೇರೆಯದಕ್ಕೆ ಕೈಚಾಚಬೇಕಾಗಿಲ್ಲ. ಇನ್ನು ಪಕ್ಕೆಯ ಮೇಲೆ ಕಾಸಿದ ಕಬ್ಬಿಣದಿಂದ ಬರೆಯೆಳೆಯುವ ಪದ್ಧತಿ ಕೆಲವು ಸೀಮೆಗಳಲ್ಲಿ ಇನ್ನೂ ಉಳಿದಿದೆ. ಒಳಗೆ ಉರಿಯುತ್ತಿರುವ ಪಕ್ಕೆಯನ್ನು ಹೊರಗೂ ಸುಡುವ ಈ ಕ್ರೌರ್ಯದಿಂದ ಯಾವ ಪ್ರಯೋಜನವೂ ಇಲ್ಲವೆಂದು ಖಂಡಿತವಾಗಿ ಹೇಳುತ್ತೇನೆ.

ರೋಗದ ಪಶುವನ್ನು ಮಂದೆಯಿಂದ ಬೇರೆ ಕಟ್ಟಿ, ಗಾಳಿಯಾಡುವ, ಆದರೆ ಶೀತ ತಗಲದ ಸ್ಥಳದಲ್ಲಿ ಮೃದುವಾದ ಹುಲ್ಲು ಹಾಸಿ, ನೀರನ್ನೂ ಹಸಿಮೇವನ್ನೂ ಅದರ ಮೋರೆಯ ಹತ್ತಿರವೇ ಇಡಿರಿ. ಉಸಿರನ್ನು ಬೆಳಗ್ಗೆ ಸಂಜೆ ಎಣಿಸಿರಿ. ನರಳಾಟ ನಿಂತ ದಿನವೇ ಇನ್ನೊಮ್ಮೆ ವೈದ್ಯರನ್ನು ಕರೆಸಿರಿ. ಹತ್ತಿರದ ಪಶು ಆಸ್ಪತ್ರೆ ದೂರವಾದರೆ 1962 ಎಂಬ ಸಂಖ್ಯೆಗೆ ಕರೆ ಮಾಡಿದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ವೈದ್ಯರು ಬರುವ ತನಕ ಆ ಪ್ರಾಣಿಯ ಬಾಯಿಗೆ ಯಾರೂ, ಎಷ್ಟೇ ಅನುಭವಿಗಳಾಗಿರಲಿ, ಗೊಟ್ಟ ಹಿಡಿಯದಿರಲಿ.